ಊರಿನವರಾಗುವುದು



ಉದ್ಯೋಗಕ್ಕಾಗಿ ಸಣ್ಣ ಪಟ್ಟಣವೊಂದರಲ್ಲಿ ನೆಲಸಿದ ವಿದ್ಯಾವಂತನಿಗೆ ಎರಡು ಊರುಗಳಿರುವುದುಂಟು. ಒಂದು, ಸಂಬಳ ಪಡೆಯುವ ಊರು; ಇನ್ನೊಂದು, ರಜ ಬಂದೊಡನೆ ಪೆಟ್ಟಿಗೆ ಕಟ್ಟಿಕೊಂಡು ಓಡುವ ಊರು. ಮೊದಲನೆಯದರಲ್ಲಿ ಎಷ್ಟು ಕಾಲ ಬಾಳಿದರೂ ಅವನು ಹೊರಗಿನಿಂದ ಬಂದವನೇ. ಹಾಗಿರುವುದೇ ಅವನಿಗೆ ಸೌಕರ್ಯವೂ ಹೌದು. ಇದನ್ನು ಪರರ ಮೇಲಣ ದೂಷಣೆಯಾಗಿ ನಾವು ಹೇಳುತ್ತಿಲ್ಲ. ಕಾಲೇಜಿನ ಉಪನ್ಯಾಸಕರಾಗಿ ಒಂದು ಪಟ್ಟಣದಲ್ಲಿ ಒಂಬತ್ತು ವರ್ಷ ಕಳೆದಮೇಲೂ ನಮ್ಮ ಬೀದಿಯ ಕೊನೆಯಲ್ಲಿದ್ದ ಕಮ್ಮಾರನ ಹೆಸರು ನಮಗೆ ತಿಳಿದಿರಲಿಲ್ಲ.

ಊರಿಗೆ ಉಪಕಾರ ಮಾಡಬೇಕೆಂಬ ಬಯಕೆ ಮಾತ್ರ ನಮಗಿತ್ತು. ನಾಲ್ಕಾರು ಮಂದಿ ಸಹೋದ್ಯೋಗಿಗಳು ಕೂಡಿ ಒಂದು ಸಂಘವನ್ನು ಸ್ಥಾಪಿಸಿದೆವು. ಅಧ್ಯಕ್ಷರು ನಾವೇ, ಕಾರ್ಯದರ್ಶಿಗಳು ನಾವೇ, ಭಾಷಣಕಾರರೂ ನಾವೇ. ಮೊದಲ ಸಭೆಗೆ ನೂರು ಜನ ಬಂದರು. ಐದನೆಯದಕ್ಕೆ ಬಂದವರು ಹನ್ನೊಂದು ಮಂದಿ, ಅವರಲ್ಲಿ ಇಬ್ಬರು ಸಭಾಂಗಣದ ಬಾಗಿಲು ಹಾಕಲು ಕಾದಿದ್ದವರು. ಜನಕ್ಕೆ ಆಸಕ್ತಿಯಿಲ್ಲವೆಂದು ನಾವು ನಿಶ್ಚಯಿಸಿ ಸಂಘವನ್ನು ಮುಚ್ಚಿದೆವು. ಬಂದವರಿಗೆ ಅಲ್ಲಿ ಕುಳಿತು ಕೇಳುವುದಲ್ಲದೆ ಬೇರೆ ಕೆಲಸವೇ ಇರಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

ಇದು ಹೊಳೆದುದು ಮಲೆನಾಡಿನ ಹೆಗ್ಗೋಡನ್ನು ನೋಡಿದಮೇಲೆ. ಸಾಗರಕ್ಕೆ ಸಮೀಪದಲ್ಲಿರುವ, ಅಡಕೆತೋಟಗಳ ನಡುವಣ ಈ ಹಳ್ಳಿಯಲ್ಲಿ 1949ರಲ್ಲಿ ಊರವರೇ ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ನೀನಾಸಂ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಓದಿನ ತರುವಾಯ ಅವರು ಊರಿಗೇ ಮರಳಿದರು. 1972ರಲ್ಲಿ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವೆದ್ದಿತು. ಮರುವರ್ಷ ಚಿತ್ರಸಮಾಜ ಹುಟ್ಟಿತು. ಸತ್ಯಜಿತ್ ರಾಯ್, ಕುರೊಸಾವ ಮೊದಲಾದವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ನೋಡಿದರು, ಚರ್ಚಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಪ್ರಾರಂಭವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಇವೆಲ್ಲ ಹಲವರು ಬಲ್ಲ ಸಂಗತಿಗಳು. ನಮ್ಮ ಮನಸ್ಸನ್ನು ಹಿಡಿದುದು ಬೇರೊಂದು. ಅಲ್ಲಿಯ ಊರ ತಂಡದಲ್ಲಿ ವೇಷ ಕಟ್ಟುವವರು ಊರಿನ ಕೃಷಿಕರು, ಅಂಗಡಿಯವರು, ಶಾಲೆಯ ಮೇಷ್ಟ್ರುಗಳು, ಗೃಹಿಣಿಯರು. ನೆರೆಮನೆಯವನು ರಾಜನಾಗಿ ಬಂದಾಗ ಅವನ ನಡಿಗೆ ಸರಿಯಿಲ್ಲವೆಂದು ಹೇಳುವ ಅಧಿಕಾರ ಪ್ರೇಕ್ಷಕರಲ್ಲಿ ಪ್ರತಿಯೊಬ್ಬನಿಗೂ ಇರುವುದಷ್ಟೆ!

ನಾಟಕವೇ ಆಗಬೇಕೆಂದಿಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಹಿಂದಿನ ವರ್ಷ ಹೊರಟಿದ್ದ ಕಾನೂನಿನ ಪ್ರಕಾರ ಗ್ರಾಮಸಂಘಗಳಲ್ಲಿ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಎಂದರೆ, ಸಂಘವು ಸಾಲ ತೀರಿಸಲಾರದೆ ಹೋದರೆ ಉಳಿದವರ ಆಸ್ತಿಗೂ ಕುತ್ತು. ಇಂಥ ನಿಯಮವಿದ್ದಮೇಲೆ ನೆರೆಯವನ ಹೊಲದಲ್ಲಿ ಪೈರು ಒಣಗುತ್ತಿದೆಯೆ, ಅವನ ಎತ್ತು ಆರೋಗ್ಯವಾಗಿದೆಯೆ ಎಂಬುದು ತನ್ನದೇ ಚಿಂತೆಯಾಗುತ್ತದೆ. ಪ್ರೀತಿಗಿಂತ ಮೊದಲು ಅಲ್ಲಿದ್ದುದು ಹೊಣೆ.

ಹೆಗ್ಗೋಡಿನಿಂದ ತಿರುಗಾಟವೆಂಬ ಸಂಚಾರಿ ತಂಡವು 1985ರಲ್ಲಿ ಮೊದಲ್ಗೊಂಡು ನಾಡಿನ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಬಂದ ಊರಿನಲ್ಲಿ ಸ್ಥಳ, ಊಟ, ವಸತಿ, ಟಿಕೆಟ್ಟು ಎಲ್ಲವನ್ನೂ ಸ್ಥಳೀಯರೇ ನೋಡಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪಟ್ಟಣದವರು ಅದನ್ನು ಬರಮಾಡಿಕೊಂಡರು. ಈ ಸಲ ನಮ್ಮನ್ನು ಯಾರೂ ಅಧ್ಯಕ್ಷರನ್ನಾಗಿ ಮಾಡಲಿಲ್ಲ. ಅಕ್ಕಿ ಅಂಗಡಿಯ ಯಜಮಾನರೊಬ್ಬರು ಐವತ್ತು ಟಿಕೆಟ್ಟುಗಳ ಪುಸ್ತಕವನ್ನು ನಮ್ಮ ಕೈಗಿತ್ತು, “ನಿಮ್ಮ ಬೀದಿ ನಿಮ್ಮದು ಸ್ವಾಮಿ” ಎಂದರು.

ಹೀಗೆ ಬಾಗಿಲು ಬಾಗಿಲು ತಟ್ಟುತ್ತ ಕಮ್ಮಾರನ ಮನೆಗೂ ಹೋದೆವು. ಅವರು ಕೈ ಒರಸಿಕೊಂಡು ಹೊರಗೆ ಬಂದು, ಟಿಕೆಟ್ಟನ್ನು ಮುಟ್ಟದೆ ಹೇಳಿದರು: “ಮೇಷ್ಟ್ರೇ, ನೀವು ನಮ್ಮ ಬಾಗಿಲಿಗೆ ಬಂದದ್ದು ಇವತ್ತೇ ಮೊದಲು. ಹೋದ ವರ್ಷ ಹುಡುಗನ ಕಾಲೇಜಿನ ಅರ್ಜಿ ಬರೆಸೋಣ ಅಂತ ನಿಮ್ಮ ಮನೆಗೆ ಎರಡು ಸಲ ಬಂದಿದ್ದೆ. ಮಲಗಿದ್ದಾರೆ ಅಂದರು.” ಅರ್ಜಿಯ ದಿನ ಮೀರಿ ಹೋಗಿ ಹುಡುಗನಿಗೆ ಒಂದು ವರ್ಷ ನಷ್ಟವಾಗಿತ್ತು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ಅವರು ತಾವಾಗಿಯೇ ಎರಡು ಟಿಕೆಟ್ಟು ತೆಗೆದುಕೊಂಡರು, ದುಡ್ಡನ್ನು ಎಣಿಸಿಕೊಟ್ಟರು. ಅಷ್ಟು ಸಂಕೋಚದಿಂದ ನಾವು ಎಂದೂ ಹಣ ಪಡೆದುದಿಲ್ಲ.

ನಾಟಕದ ದಿನ ಅವರ ಮಗನು ಬೆಂಚುಗಳನ್ನು ಹೊರಲು ಬಂದನು. ಒಂದು ತುದಿ ಅವನು, ಇನ್ನೊಂದು ತುದಿ ನಾವು ಹಿಡಿದು ಶಾಲೆಯಿಂದ ಮೈದಾನಕ್ಕೆ ನಾಲ್ಕು ಸಲ ನಡೆದೆವು; ದಾರಿಯಲ್ಲಿ ಅವನಿಗೆ ಗಣಿತದಲ್ಲಿ ಆಸೆಯೆಂಬುದು ತಿಳಿಯಿತು. ಸಂಜೆ ಏಳರ ಹೊತ್ತಿಗೆ ಹನಿ ಬಿದ್ದಿತು. ಒಬ್ಬರೂ ಏಳಲಿಲ್ಲ, ಅದು ಕಲೆಯ ಪ್ರಭಾವವೆನ್ನಲು ನಮಗೆ ಧೈರ್ಯವಿಲ್ಲ, ಟಿಕೆಟ್ಟು ಮಾರಿದವರೆಲ್ಲ ಮುಂದಿನ ಸಾಲಿನಲ್ಲಿ ಹಿಂದಕ್ಕೆ ತಿರುಗಿ ನೋಡುತ್ತ ಕುಳಿತಿದ್ದರು!

ಆ ಜೂನಿನಲ್ಲಿ ಹುಡುಗನ ಅರ್ಜಿಯನ್ನು ನಾವು ಕಮ್ಮಾರಸಾಲೆಯ ಮುಂದಣ ಕಟ್ಟೆಯ ಮೇಲೆಯೇ ಕುಳಿತು ತುಂಬಿಸಿದೆವು. ಅದನ್ನು ಕಂಡು ಇನ್ನೂ ಮೂವರು ತಮ್ಮ ಕಾಗದಪತ್ರಗಳನ್ನು ತಂದರು. ಒಬ್ಬರದು ಜಮೀನಿನ ತಕರಾರು, ಅದು ನಮಗೆ ಅರ್ಥವಾಗದ್ದರಿಂದ ಪರಿಚಯದ ವಕೀಲರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಮಧ್ಯಾಹ್ನದ ನಿದ್ರೆಗೆ ಈಗ ಬಹಳ ಅಡಚಣೆ. ನಾಟಕದ ತಂಡವನ್ನು ಮತ್ತೆ ಕರೆಸುವ ಮಾತು ನಡೆದಿದೆ. ಮೈದಾನದಲ್ಲೇ ಆಡಿಸೋಣವೆಂದು ಅಂಗಡಿಯ ಯಜಮಾನರು, ಮಳೆ ಬಂದರೆ ಗತಿಯೇನೆಂದು ಕಮ್ಮಾರ ವೀರಪ್ಪನವರು. ಈ ವಿವಾದ ನಾವು ಇಲ್ಲಿಗೆ ಹೊರಟ ದಿನದವರೆಗೂ ತೀರ್ಮಾನವಾಗಿರಲಿಲ್ಲ.