ಫ್ಯಾನ್ ಆಫ್ ಮಾಡೋಕಾಗದ ಮನೆಗೆ ಎಷ್ಟು ಯೂನಿಟ್ ಫ್ರೀ?

ಇವತ್ತು ಕರೆಂಟ್ ಬಿಲ್ಲಿನ ಮಾತು. ಹಾಸಿಗೆ ಹಿಡಿದವರಿರೋ ಮನೆಯ ಬಿಲ್ಲು.

ಕೊಪ್ಪಳ ಜಿಲ್ಲೆಯ ಹುಲಿಹೈದರದಲ್ಲಿ ಒಂದು ಮನೆ ಅಂದ್ಕೊಳ್ರಿ. ಎರಡು ಬಲ್ಬು, ಒಂದು ಟಿವಿ, ರಾತ್ರಿ ಫ್ಯಾನು. 2022-23ರಲ್ಲಿ ತಿಂಗಳಿಗೆ ಸರಾಸರಿ 50 ಯೂನಿಟ್ ಉರಿದಿತ್ತು. ಗೃಹಜ್ಯೋತಿಯ ಲೆಕ್ಕ ಶುರುವಾಗೋದೇ ಆ ವರ್ಷದ ಸರಾಸರಿಯಿಂದ. ಅದರ ಮೇಲೆ ಶೇ 10 ಸೇರಿಸ್ತಾರೆ; 2024ರ ಜನವರಿಯಲ್ಲಿ ಸಚಿವ ಸಂಪುಟ ಅದನ್ನ 10 ಯೂನಿಟ್ ಮಾಡಿದ್ದು 48 ಯೂನಿಟ್ಟಿಗಿಂತ ಕಡಿಮೆ ಉರಿಸೋರಿಗೆ ಮಾತ್ರ. ಅಂದ್ರೆ ಈ ಮನೆಗೆ ಫ್ರೀ ಇರೋದು 55. ಎಲ್ಲರ ಬಾಯಲ್ಲಿರೋ 200 ಯೂನಿಟ್ ಬರೀ ಮೇಲಿನ ಮಿತಿ.

ಈಗ ಆ ಮನೆ ಹುಡುಗ ಬೈಕಿನಿಂದ ಬಿದ್ದು, ಕುತ್ತಿಗೆ ಹತ್ರ ಬೆನ್ನುಹುರಿಗೆ ಪೆಟ್ಟಾಯ್ತು ಅನ್ರಿ. ಅಂಥವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರಲ್ಲ, ಹಾಗಾಗಿ ತಾನಾಗೇ ತಣ್ಣಗಾಗಲ್ಲ. ಈ ಕಡೆ ಬೇಸಿಗೆ ಬಿಸಿಲು 40 ಡಿಗ್ರಿ ಮುಟ್ಟತ್ತೆ. ಅವನಿಗೆ ಫ್ಯಾನ್ ಅಂದ್ರೆ ಔಷಧಿ ಇದ್ದಂಗೆ. 75 ವ್ಯಾಟಿನ ಫ್ಯಾನ್ ಹಗಲೂ ರಾತ್ರಿ ತಿರುಗಿದ್ರೆ ತಿಂಗಳಿಗೆ 54 ಯೂನಿಟ್. ಬೆನ್ನಿಗೆ ಹುಣ್ಣಾಗದಂತೆ ಹಾಕೋ ಗಾಳಿ ಹಾಸಿಗೆಯ ಪಂಪಿಗೆ ಒಂದು 6 ಹಿಡಿರಿ. ಒಟ್ಟು 110 ಆಯ್ತು. ಹೆಚ್ಚಾದ 55 ಯೂನಿಟ್ಟಿಗೆ, ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ, 330 ರೂಪಾಯಿ ಬಿಲ್. ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇದ್ರೆ ಬರೋ ಮಾಸಾಶನ 1,400 ರೂಪಾಯಿ. ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಕೊಂಡ ಮನೆ 200 ದಾಟಿದ್ರಂತೂ ಪೂರ್ತಿ ಬಿಲ್ ಕಟ್ಟಬೇಕು.

ಬಡತನಕ್ಕೆ ಕಡಿಮೆ ಕರೆಂಟ್ ಉರಿಸಿದ್ದಕ್ಕೇ ಕಡಿಮೆ ಫ್ರೀ! ಇದ್ಯಾವ ಲೆಕ್ಕ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 24 ಏನು ಹೇಳತ್ತೆ ಗೊತ್ತಾ? ಸಾಮಾಜಿಕ ಭದ್ರತೆ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡೋ ನೆರವು, ಅಂಥದ್ದೇ ಯೋಜನೆಯಲ್ಲಿ ಬೇರೆಯವರಿಗೆ ಕೊಡೋದಕ್ಕಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ನನ್ನ ಪ್ರಕಾರ ಗೃಹಜ್ಯೋತಿಗೂ ಇದು ಅನ್ವಯ ಆಗಬೇಕು. ಆದ್ರೆ 55ರ ಮೇಲೆ ಶೇ 25 ಅಂದ್ರೆ ಬರೀ ಸುಮಾರು 14 ಯೂನಿಟ್, ಯಾತಕ್ಕೂ ಸಾಲಲ್ಲ. ಇಂಥ ಮನೆಗಳಿಗೆ ಹಳೇ ಸರಾಸರಿ ಬಿಟ್ಟು, 200ರ ಮಿತಿಯನ್ನೇ 250 ಮಾಡಿ ನೇರ ಕೊಡಬೇಕು. ಪಕ್ಕದ ಕೇರಳದಲ್ಲಿ, ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ ವಿದ್ಯುತ್ ದರಪಟ್ಟಿಯಲ್ಲೇ 150 ಯೂನಿಟ್ ತನಕ ರಿಯಾಯಿತಿ ದರ ಇಟ್ಟಿದ್ದಾರೆ.

ಇಲ್ಲಿ ಮನೆ ಹುಡುಕೋದೂ ಕಷ್ಟ ಅಲ್ಲ. ಗೃಹಜ್ಯೋತಿಗೆ ಆಧಾರ್ ಕೊಟ್ಟಿದ್ದೀವಿ, ಯುಡಿಐಡಿ ಕಾರ್ಡಿಗೂ ಆಧಾರ್ ಕೊಟ್ಟಿದ್ದೀವಿ. ಎರಡೂ ಪಟ್ಟಿ ಹೊಂದಿಸಿ ನೋಡಿದ್ರೆ ಆಯ್ತು. ನಿಮ್ಮ ಮನೆಯವರಿಗೆ ಆ ಕಾರ್ಡ್ ಇನ್ನೂ ಆಗಿಲ್ಲ ಅಂದ್ರೆ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನ ಕೇಳ್ರಿ. ಮುಂದಿನ ಗ್ರಾಮಸಭೆಯಲ್ಲಿ ಈ 250ರ ಮಾತು ಎತ್ತಿ, ನಡಾವಳಿಯಲ್ಲಿ ಬರೆಸ್ರಿ. ಫ್ಯಾನ್ ಬದಲಿಸೋದಿದ್ರೆ ಬಿಎಲ್‌ಡಿಸಿ ತಗೊಳ್ರಿ: ಸುಮಾರು 30 ವ್ಯಾಟ್, 24 ತಾಸು ತಿರುಗಿದ್ರೂ ತಿಂಗಳಿಗೆ 22 ಯೂನಿಟ್.