ಇಮೇಲ್ ಕೇಳುವ ಮುನ್ನ: ಆನ್‌ಲೈನ್ ನಮೂನೆಯ ಒಂದು ಅಂಕಣ ಕುರಿತು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಆಗಮಿಸಿರುವ ಸದಸ್ಯ ಬಂಧುಗಳೇ,

ನನಗೆ ವಹಿಸಿರುವ ವಿಷಯ ಚಿಕ್ಕದು: ಆನ್‌ಲೈನ್ ನಮೂನೆಯಲ್ಲಿ ಇಮೇಲ್ ವಿಳಾಸ ಕೇಳುವ ಒಂದು ಅಂಕಣ. ಅದರ ಮಹತ್ವವನ್ನು ನನ್ನದೇ ತಪ್ಪೊಂದರಿಂದ ಕಲಿತೆನಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹಿಂದೆ ನಾನು ಸೇವೆಯಲ್ಲಿದ್ದ ಪಂಚಾಯಿತಿಯೊಂದರಲ್ಲಿ ಯುವಜನರ ತರಬೇತಿಗೆ ಹೆಸರು ನೋಂದಾಯಿಸಲು ಗೂಗಲ್ ಫಾರ್ಮ್ಸ್‌ನಲ್ಲಿ ನಮೂನೆಯೊಂದನ್ನು ಸಿದ್ಧಪಡಿಸಿ, ಇಮೇಲ್ ಅಂಕಣವನ್ನು ಕಡ್ಡಾಯಗೊಳಿಸಿದ್ದೆ. ಇಮೇಲ್ ಇಲ್ಲದವರು ಝೆರಾಕ್ಸ್ ಅಂಗಡಿಗೆ ಹೋದರು. ಅಂಗಡಿಯವರು ಸಹಾಯ ಮಾಡುವ ಉದ್ದೇಶದಿಂದಲೇ ತಮ್ಮ ವಿಳಾಸ ಹಾಕಿ ಸಲ್ಲಿಸಿದರು. ದಿನಾಂಕ ತಿಳಿಸುವ ಪತ್ರಗಳು ಅವರೊಬ್ಬರ ಪೆಟ್ಟಿಗೆಗೇ ಹೋದವು. ತರಬೇತಿಯ ದಿನ ಹಲವು ಕುರ್ಚಿಗಳು ಖಾಲಿ ಉಳಿದವು. ವಿಚಾರಿಸಿದಾಗ, "ನಮಗ ಯಾರೂ ಹೇಳೇ ಇಲ್ರಿ ಸರ್" ಎಂಬ ಉತ್ತರ ಬಂತು. ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಪ್ರಶ್ನೆ ಕೇಳಿದ ನಾನು ತಪ್ಪಿದ್ದೆ.

ಆದ್ದರಿಂದ ಮೊದಲ ಸೂತ್ರ: ಇಮೇಲ್ ಕೇಳುವ ಮುನ್ನ "ತಮಗೆ ಸ್ವಂತ ಇಮೇಲ್ ಇದೆಯೇ?" ಎಂದು ಕೇಳಬೇಕು. ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಗಳಿಗೆ ಕಳುಹಿಸುವ ಸೌಲಭ್ಯವಿದೆ. 'ಹೌದು' ಎಂದವರು ಇಮೇಲ್ ವಿಭಾಗಕ್ಕೆ, 'ಇಲ್ಲ' ಎಂದವರು ಮೊಬೈಲ್ ಸಂಖ್ಯೆಯ ವಿಭಾಗಕ್ಕೆ ಹೋಗಲಿ. ಆಗ ಇಮೇಲ್ ಇಲ್ಲವೆಂಬ ಕಾರಣಕ್ಕೆ ಯಾರೂ ಹೊರಗುಳಿಯುವುದಿಲ್ಲ. ಮೊಬೈಲ್ ಯಾರದು, ಸ್ವಂತದ್ದೋ ಮಗನದೋ ನೆರೆಯವರದೋ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಇಮೇಲ್ ವಿಭಾಗದಲ್ಲಿ 'ಶಾರ್ಟ್ ಆನ್ಸರ್' ಬಗೆಯ ಪ್ರಶ್ನೆಯನ್ನು ಸೇರಿಸಿ, ಮೂರು ಚುಕ್ಕೆಗಳನ್ನು ಒತ್ತಿ 'ರೆಸ್ಪಾನ್ಸ್ ವ್ಯಾಲಿಡೇಷನ್' ಆರಿಸಬೇಕು. ಅಲ್ಲಿ 'ಟೆಕ್ಸ್ಟ್', ನಂತರ 'ಇಮೇಲ್' ಎಂದು ಆರಿಸಿದರೆ ವಿಳಾಸದ ರೂಪದಲ್ಲಿಲ್ಲದ ಉತ್ತರವನ್ನು ನಮೂನೆ ಸ್ವೀಕರಿಸುವುದಿಲ್ಲ. ತಪ್ಪಾದಾಗ ಕಾಣುವ ಸೂಚನೆಯನ್ನು ನಾವೇ ಕನ್ನಡದಲ್ಲಿ ಬರೆಯಬಹುದು: "ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, @ ಚಿಹ್ನೆಯೊಂದಿಗೆ ಬರೆಯಿರಿ." ಹೆಸರು, ಊರುಗಳನ್ನು ಕನ್ನಡದಲ್ಲಿ ತುಂಬಿದವರು ಕೀಲಿಮಣೆ ಬದಲಿಸಲು ಮರೆಯುವುದು ಸಹಜ, ಈ ಒಂದು ಸಾಲು ಅವರ ಅರ್ಧ ತೊಂದರೆಯನ್ನು ನೀಗಿಸುತ್ತದೆ.

ಈ ಪರಿಶೀಲನೆಗೂ ಮಿತಿಯಿದೆ. ಅದು ವಿಳಾಸದ ರೂಪವನ್ನು ನೋಡುತ್ತದೆಯೇ ಹೊರತು ಅಂಥ ಅಂಚೆಪೆಟ್ಟಿಗೆ ಇದೆಯೋ ಇಲ್ಲವೋ ಎಂಬುದನ್ನಲ್ಲ. 'ಜಿಮೇಲ್' ಪದದ ಎರಡು ಅಕ್ಷರಗಳು ಅದಲುಬದಲಾದರೂ ನಮೂನೆ ಒಪ್ಪಿಕೊಳ್ಳುತ್ತದೆ. ಆದ್ದರಿಂದ ನೋಂದಣಿಯಾದ ಕೂಡಲೇ ಒಂದು ಸ್ವೀಕೃತಿ ಪತ್ರ ಕಳುಹಿಸಬೇಕು. ಮರಳಿ ಬಂದ ಪತ್ರಗಳ ಅರ್ಜಿದಾರರಿಗೆ ದೂರವಾಣಿ ಮಾಡಬೇಕು.

'ಸೆಟ್ಟಿಂಗ್ಸ್'ನಲ್ಲಿ ಇಮೇಲ್ ಸಂಗ್ರಹಿಸುವ ಬೇರೊಂದು ಆಯ್ಕೆಯೂ ಇದೆ. ಅದರಲ್ಲಿ 'ವೆರಿಫೈಡ್' ಎಂದು ಆರಿಸಿದರೆ, ನಮೂನೆ ತುಂಬುವವರು ಲಾಗಿನ್ ಆಗಿರುವ ಗೂಗಲ್ ಖಾತೆಯ ವಿಳಾಸವೇ ದಾಖಲಾಗುತ್ತದೆ. ಸ್ವಂತ ಫೋನ್ ಇರುವವರಿಗೆ ಇದು ಅನುಕೂಲ. ಆದರೆ ಸೇವಾ ಕೇಂದ್ರದ ಗಣಕಯಂತ್ರದಲ್ಲಿ ತುಂಬಿಸಿದರೆ, ಅಲ್ಲಿ ತೆರೆದಿರುವ ಸಿಬ್ಬಂದಿಯ ಖಾತೆಯೇ ಪ್ರತಿ ಅರ್ಜಿಗೂ ಅಂಟಿಕೊಳ್ಳುತ್ತದೆ. ನನ್ನ ಹಳೆಯ ತಪ್ಪು ಹೊಸ ದಾರಿಯಲ್ಲಿ ಮರಳಿ ಬರುವುದು ಹೀಗೆ.

ಸಂಗ್ರಹಿಸಿದ ವಿಳಾಸಗಳನ್ನು ಕಾಪಾಡುವುದೂ ನಮ್ಮ ಹೊಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ, ಯಾವ ಉದ್ದೇಶಕ್ಕೆ ಕೇಳುತ್ತೇವೆಂಬುದನ್ನು ಅಂಕಣದ ಕೆಳಗೇ ತಿಳಿಸಬೇಕು, ಅಗತ್ಯವಿಲ್ಲದ್ದನ್ನು ಕೇಳಬಾರದು. ಉತ್ತರಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಸಲ್ಲದು. ನಮೂನೆಯನ್ನು ಅಧಿಕಾರಿಯ ಸ್ವಂತ ಖಾತೆಯಲ್ಲಿ ರಚಿಸದೆ ಕಚೇರಿಯ ಖಾತೆಯಲ್ಲಿ ರಚಿಸಬೇಕು. ಇಲ್ಲವಾದರೆ ಅಧಿಕಾರಿಯ ವರ್ಗಾವಣೆಯೊಡನೆ ದಾಖಲೆಯೂ ವರ್ಗವಾಗುತ್ತದೆ.

ಬಂಧುಗಳೇ, ನಮ್ಮ ಮೂರೂ ತಾಲ್ಲೂಕುಗಳಿಂದ ಪುಣೆ, ಮುಂಬೈ, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ಅವರ ಮನೆಬಾಗಿಲಿಗೆ ಅಂಟಿಸಿದ ನೋಟಿಸನ್ನು ಓದುವವರಿರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ನದಿದಂಡೆಯ ಗ್ರಾಮಗಳು ಅನುಭವಿಸಿದ್ದನ್ನು ತಾವು ಬಲ್ಲಿರಿ. ಅಂಥ ಹೊತ್ತಿನಲ್ಲಿ ಅವಸರದಿಂದ ಸಂಗ್ರಹಿಸಿದ ಒಂದು ತಪ್ಪು ವಿಳಾಸ ಎಂದರೆ ಸಂಪರ್ಕ ಕಡಿದುಹೋದ ಒಂದು ಕುಟುಂಬ.

ನಮೂನೆ ರಚಿಸುವವರು ನಾವಾದರೂ ಅದನ್ನು ಪ್ರಶ್ನಿಸುವ ಅಧಿಕಾರ ತಮ್ಮದು. ಪ್ರಕಟಿಸುವ ಮುನ್ನ ತಮ್ಮ ವಾರ್ಡಿನ ಮೂವರಿಂದ ತುಂಬಿಸಿ ನೋಡಿ: ಒಬ್ಬ ವಿದ್ಯಾರ್ಥಿ, ಇಮೇಲ್ ಇಲ್ಲದ ಒಬ್ಬ ತಾಯಿ, ಹೊರ ಊರಿನಲ್ಲಿ ದುಡಿಯುವ ಒಬ್ಬರು. ಮೂವರಿಗೂ ಸ್ವೀಕೃತಿ ತಲುಪಿದ ನಂತರವೇ ಒಪ್ಪಿಗೆ ನೀಡಿ.