ಪಾಸ್ ತಗೊಳ್ಳೋ ಮುಂಚೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಮನೆಯ ಲೆಕ್ಕ. ನನ್ನ ಅಕ್ಕನ ಮನೆಯ ಲೆಕ್ಕ, ಆದರೆ ನಿಮ್ಮ ಮನೆಯದ್ದೂ ಆಗಿರಬಹುದು.

ಅಕ್ಕ ಇರೋದು ಮದ್ದೂರಿನಲ್ಲಿ. ಮಕ್ಕಳ ಪರೀಕ್ಷೆ ಮುಗಿದ ವಾರ ಫೋನ್ ಮಾಡಿದಳು. "ಲೋ, ಎಂಜಿನಿಯರಿಂಗ್ ಓದಿದ್ದೀಯಲ್ಲ, ಒಸಿ ಲೆಕ್ಕ ಹಾಕಿ ಹೇಳ್ಲಾ. ಮಗಳು ಪಾರ್ಕಿಂದು ವರ್ಷದ ಪಾಸ್ ಬೇಕು ಅಂತ ಕೂತವ್ಳೆ. ತಗಂಡ್ರೆ ಅಸಲು ಹುಟ್ತದಾ, ಇಲ್ವಾ?"

ಮದ್ದೂರಿನ ಮಕ್ಕಳು ಇಂಥ ಪಾರ್ಕ್ ಕೇಳೋದು ತಪ್ಪಲ್ಲ. ಬೆಂಗಳೂರು ಕಡೆ ಹೊರಟರೆ ಬಿಡದಿ ಹತ್ತಿರ ವಂಡರ್‌ಲಾ, 2005ರಿಂದ ಇದೆ. ಮೈಸೂರು ಕಡೆ ಹೊರಟರೆ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಊರು ಎರಡರ ನಡುವೆ ಕೂತಿದೆ. ಅಕ್ಕನ ಮಗಳು ಕೇಳಿದ್ದು ಯಾವ ಪಾರ್ಕಿನ ಪಾಸ್ ಅಂತ ನಾನು ಹೇಳಲ್ಲ. ಇದು ಜಾಹೀರಾತೂ ಅಲ್ಲ, ದೂರೂ ಅಲ್ಲ.

ಲೆಕ್ಕಕ್ಕೆ ಬರೋಣ. ಸುಲಭವಾಗಲಿ ಅಂತ ಒಂದು ಟಿಕೆಟ್ 1,000 ರೂಪಾಯಿ, ವರ್ಷದ ಪಾಸ್ 3,000 ರೂಪಾಯಿ ಅಂತಿಟ್ಟುಕೊಳ್ಳಿ. ಮನೆಯಲ್ಲಿ ನಾಲ್ಕು ಜನ. ಪಾಸಿಗೆ 12,000. ಮೂರು ಸಲ ಹೋದರೆ ಅಸಲು. ನಾಲ್ಕನೇ ಸಲದಿಂದ ಲಾಭ. ಎಂಜಿನಿಯರ್ ಕೆಲಸ ಒಂದು ನಿಮಿಷದಲ್ಲಿ ಮುಗೀತು. ಅಲ್ವಾ?

ಮುಗೀಲಿಲ್ಲ. ಗೇಟಿನ ಒಳಗೆ ಹೋದ ಮೇಲೆ ಊಟ ಬೇಕು, ಲಾಕರ್ ಬೇಕು, ಹೋಗಿ ಬರೋಕೆ ಪೆಟ್ರೋಲ್ ಬೇಕು. ಸಲಕ್ಕೆ 2,500 ಅಂತ ಹಿಡಿಯೋಣ. ಪಾಸ್ ಇಟ್ಟುಕೊಂಡು ನಾಲ್ಕು ಸಲ ಹೋದರೆ ಒಟ್ಟು 22,000. ಟಿಕೆಟ್ ತಗೊಂಡು ನಾಲ್ಕು ಸಲ ಹೋದರೆ 26,000. ಆಹಾ, 4,000 ಉಳೀತು! ಆದರೆ ಸ್ವಾಮಿ, ನೀವು ಮೊದಲು ಹೋಗಬೇಕು ಅಂದುಕೊಂಡಿದ್ದು ಎಷ್ಟು ಸಲ? ಒಂದೇ ಸಲ. ಅದರ ಖರ್ಚು 6,500. ನಾಲ್ಕು ಸಾವಿರ ಉಳಿಸೋಕೆ ಹೋಗಿ ಹದಿನೈದೂವರೆ ಸಾವಿರ ಹೆಚ್ಚಿಗೆ ಖರ್ಚಾಯ್ತು. ಪಾರ್ಕಿನವರು ಪಾಸ್ ಮಾರೋದು ದಾನಕ್ಕಲ್ಲ. ವರ್ಷದ ದುಡ್ಡು ಮೊದಲೇ ಕೈಗೆ ಬರುತ್ತೆ, ಜನ ಕಡಿಮೆ ಇರೋ ದಿನ ಪಾರ್ಕ್ ತುಂಬುತ್ತೆ, ಬಂದವರು ಒಳಗೆ ತಿಂತಾರೆ. ವ್ಯಾಪಾರ ಅದು. ತಪ್ಪೇನಿಲ್ಲ.

ಇದನ್ನೆಲ್ಲ ಹೇಳಿದೆ. ಪಕ್ಕದಲ್ಲೇ ಇದ್ದ ಭಾವ ಫೋನ್ ಇಸ್ಕೊಂಡರು. "ಹಂಗಾದ್ರೆ ನಾನು ಟೋಲ್ ಪಾಸ್ ತಗೊಂಡಿದ್ದೂ ತಪ್ಪಾ?"

ಒಳ್ಳೇ ಪ್ರಶ್ನೆ. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತಲ್ಲ, ಶುರುವಾದಾಗ ಖಾಸಗಿ ಕಾರಿಗೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತೋ ಅದು. ಅಂದರೆ ಆ ದರದಲ್ಲಿ ಪೂರ್ತಿ ಬಳಸಿದರೆ ಟ್ರಿಪ್ಪಿಗೆ 15 ರೂಪಾಯಿ. ಭಾವನಿಗೆ ಕೆಲಸದ ಮೇಲೆ ವಾರಕ್ಕೊಂದು ಸಲ ಬೆಂಗಳೂರಿಗೆ ಹೋಗಲೇಬೇಕು. ಪಾಸ್ ಇದ್ದರೂ ಹೋಗ್ತಾರೆ, ಇಲ್ಲದಿದ್ದರೂ ಹೋಗ್ತಾರೆ. ಅವರಿಗೆ ಅದು ನಿಜವಾದ ಉಳಿತಾಯ. ಮದ್ದೂರಿನಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರ ಜೇಬಿನಲ್ಲಿರೋ ಸೀಸನ್ ಪಾಸ್ ಕೂಡ ಇದೇ ಜಾತಿ.

ವ್ಯತ್ಯಾಸ ಇಲ್ಲಿದೆ ನೋಡಿ. ಈಗಾಗಲೇ ಮಾಡ್ತಿರೋ ಕೆಲಸಕ್ಕೆ ಪಾಸ್ ತಗೊಂಡರೆ ಅದು ಉಳಿತಾಯ. ಮುಂದೆ ಮಾಡ್ತೀನಿ ಅನ್ನೋ ಕೆಲಸಕ್ಕೆ ಪಾಸ್ ತಗೊಂಡರೆ ಅದು ನಮ್ಮ ಮೇಲೆ ನಾವೇ ಕಟ್ಟೋ ಬಾಜಿ. ಆ ಬಾಜಿಯಲ್ಲಿ ಸೋಲೋರೇ ಜಾಸ್ತಿ. ನಾನೂ ಸೋತಿದ್ದೀನಿ. ವರ್ಷದ ಜಿಮ್ ಫೀಸ್ ಕಟ್ಟಿ ಹೋಗಿದ್ದು ಹನ್ನೊಂದು ದಿನ.

ನಾನೊಬ್ಬನೇ ಅಲ್ಲ. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿ ತೆಗೆದು ನೋಡಿದರು. 2006ರಲ್ಲಿ ಅದು ಪ್ರಕಟವಾಯ್ತು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟೋ ಸದಸ್ಯರು ಸರಾಸರಿ ಹೋಗ್ತಿದ್ದದ್ದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ. ಅಂದರೆ ಒಂದು ಸಲಕ್ಕೆ 17 ಡಾಲರ್ ಮೇಲೆ. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸ್ ತಗೊಂಡಿದ್ದರೆ ಸಲಕ್ಕೆ ಹತ್ತೇ ಡಾಲರ್! ಅವರೇನು ದಡ್ಡರಲ್ಲ. ನಾಳೆಯಿಂದ ನಾನು ಬೇರೆ ಮನುಷ್ಯ ಆಗ್ತೀನಿ ಅಂತ ನಂಬಿದರು, ಅಷ್ಟೆ.

ಅದಕ್ಕೇ ಅಕ್ಕನಿಗೆ ಹೇಳಿದೆ, ಮುಂದಿನ ವರ್ಷ ಎಷ್ಟು ಸಲ ಹೋಗ್ತೀರ ಅಂತ ಯೋಚನೆ ಮಾಡಬೇಡ. ಹೋದ ವರ್ಷ ನಾಲ್ಕೂ ಜನ ಒಟ್ಟಿಗೆ ಎಲ್ಲಿಗೆ ಹೋಗಿದ್ರಿ ಹೇಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದು ಮದುವೆಗೆ. ಅದೂ ಊಟ ಮಾಡ್ಕೊಂಡು ವಾಪಸ್."

ಕಾರಣ ಇದೆ. ಭಾವನದು ಎಳನೀರು ವ್ಯಾಪಾರ. ಮದ್ದೂರಿನದು ದೇಶದ ದೊಡ್ಡ ಎಳನೀರು ಮಾರುಕಟ್ಟೆಗಳಲ್ಲಿ ಒಂದು, ಲಾರಿಗಟ್ಟಲೆ ಮುಂಬೈ, ದೆಹಲಿ ತನಕ ಹೋಗುತ್ತೆ. ವ್ಯಾಪಾರ ಏರೋದು ಯಾವಾಗ? ಬೇಸಿಗೆಯಲ್ಲಿ. ಮಕ್ಕಳಿಗೆ ರಜ ಯಾವಾಗ? ಅದೇ ಬೇಸಿಗೆಯಲ್ಲಿ. ಅಪ್ಪನ ಸೀಸನ್ನೂ ಮಕ್ಕಳ ರಜವೂ ಒಂದೇ ದಿನ ಶುರು.

ಕೊನೆಗೆ ಅಕ್ಕನ ಮಗಳು ಫೋನಿಗೆ ಬಂದಳು. ಹದಿಮೂರು ವರ್ಷ. ಅವಳು ಹೇಳಿದ ಒಂದು ಮಾತಿಗೆ ನನ್ನ ಲೆಕ್ಕ ಎಲ್ಲ ಪಕ್ಕಕ್ಕೆ ಹೋಯ್ತು. "ಮಾಮ, ನಂಗೆ ಪಾರ್ಕ್ ಅಷ್ಟೇನೂ ಬೇಡ. ಪಾಸ್ ತಗೊಂಡ್ರೆ ದುಡ್ಡು ವೇಸ್ಟ್ ಆಗ್ಬಾರ್ದು ಅಂತ ಅಪ್ಪ ಮಂಡಿಗೆ ರಜ ಹಾಕೇ ಹಾಕ್ತಾರೆ."

ಆ ಹುಡುಗಿ ಪಾಸ್ ಕೇಳ್ತಿರಲಿಲ್ಲ ವೀಕ್ಷಕರೇ. ಅಪ್ಪನ ನಾಲ್ಕು ದಿನ ಕೇಳ್ತಿದ್ದಳು. ಅದನ್ನ ಯಾವ ಪಾರ್ಕಿನ ಕೌಂಟರ್‌ನಲ್ಲೂ ಮಾರಲ್ಲ.

ಆಗ ನಾನು ಭಾವನಿಗೆ ಹೇಳಿದ್ದು ಇಷ್ಟೆ. ಮೊದಲು ಗೋಡೆ ಮೇಲಿರೋ ಕ್ಯಾಲೆಂಡರ್ ಇಳಿಸಿ. ನೀವು ಬರೋ ದಿನಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ. ನಾಲ್ಕು ಗುರುತು ಬಿದ್ದರೆ ಪಾಸ್ ಬಗ್ಗೆ ಮಾತಾಡೋಣ. ಆಮೇಲೆ ಷರತ್ತು ಓದೋಣ. ಭಾನುವಾರ, ಹಬ್ಬದ ದಿನ ಪಾಸ್ ನಡೆಯುತ್ತಾ? ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಹೋಗಬಹುದಾ? ಚಿಕ್ಕವನ ಎತ್ತರಕ್ಕೆ ಎಷ್ಟು ಆಟ ಬಿಡ್ತಾರೆ? ಒಂದು ವರ್ಷ ಅನ್ನೋದು ದುಡ್ಡು ಕೊಟ್ಟ ದಿನದಿಂದಲೋ, ಮೊದಲ ಸಲ ಹೋದ ದಿನದಿಂದಲೋ?

ಭಾವ ಎರಡು ದಿನ ಬಳಿಕ ಫೋನ್ ಮಾಡಿದರು. "ಎರಡು ದಿನ ಗುರುತು ಹಾಕಿದ್ದೀನಿ ಕಣಪ್ಪ. ನಾಲ್ಕು ಅಂತ ಮಕ್ಕಳಿಗೆ ಸುಳ್ಳು ಹೇಳಲ್ಲ." ಪಾಸ್ ತಗೊಳ್ಳಲಿಲ್ಲ. ಟಿಕೆಟ್ ತಗೊಂಡು ಒಂದು ದಿನ ಪಾರ್ಕಿಗೆ. ಇನ್ನೊಂದು ದಿನ ಬರೀ ಬುತ್ತಿ ಕಟ್ಟಿಕೊಂಡು ಶಿವನಸಮುದ್ರಕ್ಕೆ, ಅದೂ ಸರ್ಕಾರಿ ಬಸ್ಸಿನಲ್ಲಿ. ಶಕ್ತಿ ಯೋಜನೆಯಲ್ಲಿ ಅಕ್ಕನಿಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಅವತ್ತಿಡೀ ಭಾವನ ಫೋನ್ ಅಕ್ಕನ ಬ್ಯಾಗಿನಲ್ಲಿತ್ತಂತೆ.

ನಿಮ್ಮ ಮನೆಯಲ್ಲಿ ನಾಲ್ಕು ಗುರುತು ಬೀಳುತ್ತಾ? ಧಾರಾಳವಾಗಿ ಪಾಸ್ ತಗೊಳ್ಳಿ, ನಿಮಗೆ ಲಾಭವೇ. ಬೀಳಲ್ವಾ? ಟಿಕೆಟ್ ಸಾಕು. ಆದರೆ ಒಂದು ಗುರುತಾದರೂ ಹಾಕಿ. ಮಕ್ಕಳು ಹದಿಮೂರು ವರ್ಷದವರಾಗಿರೋದೂ ಒಂದೇ ವರ್ಷ. ಆ ಪಾಸಿಗೆ ರಿನ್ಯೂವಲ್ ಇಲ್ಲ.